ಹಿಂದಿನ ಸೀಟಿನ ಹಸಿರು ದೀಪ

ಶುಕ್ರವಾರ ಸಂಜೆ ಡಲ್ಲಾಸ್‌ನಿಂದ ನೂರ ಅರವತ್ತು ಮೈಲಿ ಓಡಿಸಿ ಜಾರ್ಜ್‌ಟೌನ್ ತಲುಪಿದೆ. ದಾರಿಯುದ್ದಕ್ಕೂ ಮೋಡ. ಅಪ್ಪನ ಗೆಳೆಯ ಮೋಹನ್ ಅಂಕಲ್ ಅಲ್ಲಿದ್ದಾರೆ. ಅವರ ಹೆಂಡತಿ ಸುಮಿತ್ರಾ ಆಂಟಿಗೆ ಶ್ವಾಸಕೋಶದ ಕಾಯಿಲೆ. ಆಮ್ಲಜನಕದ ಯಂತ್ರ ಸದಾ ಜೊತೆಗಿರಬೇಕು. ಫುಲ್‌ಶೀರ್‌ನಲ್ಲಿದ್ದ ಆಂಟಿಯ ತಂಗಿ ತೀರಿಕೊಂಡಿದ್ದರು. ಶನಿವಾರ ಮಧ್ಯಾಹ್ನ ಎರಡಕ್ಕೆ ಅಂತ್ಯಕ್ರಿಯೆ. ಇಬ್ಬರನ್ನೂ ಅಲ್ಲಿಗೆ ಕರೆದೊಯ್ಯುವುದು ನನ್ನ ಕೆಲಸ.

ಯಂತ್ರದ ಬ್ಯಾಟರಿ ಎರಡು ಗಂಟೆ ಬರುತ್ತದೆ. ದಾರಿ ಮೂರು ಗಂಟೆಯದು. ನನ್ನ ಕಾರಿನಲ್ಲಿ ಫೋನ್ ಚಾರ್ಜ್ ಮಾಡುವ ಕಿಂಡಿಗಳಷ್ಟೇ ಇದ್ದವು. ಬೆಳಿಗ್ಗೆ ಅಂಕಲ್ ಹಿಂದಿನ ಸೀಟಿನ ಪಕ್ಕದ ಹೊದಿಕೆ ಬಿಚ್ಚಿ, ಒಳಗಿನ ವೈರೊಂದಕ್ಕೆ ಹೊಸ ಸಾಕೆಟ್ ಜೋಡಿಸಿದರು. ಅವರು ವಿದ್ಯುತ್ ಮಂಡಳಿಯ ನಿವೃತ್ತ ಎಲೆಕ್ಟ್ರಿಕಲ್ ಇಂಜಿನಿಯರ್. ಈಗಿನ ಕಾರುಗಳಲ್ಲಿ ಪ್ರತಿ ವೈರನ್ನೂ ಕಂಪ್ಯೂಟರ್ ಗಮನಿಸುತ್ತಿರುತ್ತದೆ, ಹೊಸ ಉಪಕರಣಕ್ಕೆ ಬ್ಯಾಟರಿಯಿಂದಲೇ ಬೇರೆ ಲೈನ್ ಎಳೆಯಬೇಕು ಎಂದು ಕಾರಿನ ಕೈಪಿಡಿಯಲ್ಲಿ ಓದಿದ್ದೆ.

"ಕಾರಾದ್ರೇನು, ಮನೆಯಾದ್ರೇನು, ವೈರ್ ವೈರೇ ಅಲ್ವೇನಮ್ಮಾ," ಎಂದರು ಅಂಕಲ್.

ದೊಡ್ಡವರು. ಓದಿದ್ದನ್ನು ಹೇಳಲು ಹೋಗಲಿಲ್ಲ. ಅವರು ತಮ್ಮ ಫೋನ್ ಸಿಕ್ಕಿಸಿ ನೋಡಿದರು. ಸಾಕೆಟ್‌ನ ಹಸಿರು ದೀಪ ಉರಿಯಿತು.

ಯಂತ್ರವನ್ನು ಆ ಸಾಕೆಟ್‌ಗೆ ಸಿಕ್ಕಿಸಿ ಹತ್ತಕ್ಕೆ ಹೊರಟೆವು. ತೊಂಬತ್ತು ಮೈಲಿ ದಾಟಿ ಲಾ ಗ್ರಾಂಜ್ ಎಂಬ ಊರು ಹತ್ತಿರವಾದಾಗ ಯಂತ್ರ ಕೂಗಿಕೊಂಡಿತು. ಹಸಿರು ದೀಪ ಯಾವಾಗಲೋ ಆರಿಹೋಗಿತ್ತು. ಬ್ಯಾಟರಿಯಲ್ಲಿ ಉಳಿದದ್ದು ಹದಿನೈದು ನಿಮಿಷ. ಫುಲ್‌ಶೀರ್ ಇನ್ನೂ ಒಂದು ಗಂಟೆಯ ದಾರಿ.

ಹೆದ್ದಾರಿ ಪಕ್ಕದ ಬೇಕರಿಯೊಂದರಲ್ಲಿ ಗೋಡೆಯ ಸಾಕೆಟ್ ಕೇಳಿಕೊಂಡೆವು. ಎದುರಿನ ಗ್ಯಾರೇಜಿನವನು ಕಾರಿಗೆ ತನ್ನ ಉಪಕರಣ ಹಚ್ಚಿ ನೋಡಿದ. ನಿರೀಕ್ಷೆಗಿಂತ ಹೆಚ್ಚು ಕರೆಂಟ್ ಹರಿದದ್ದನ್ನು ಕಂಡು ಕಂಪ್ಯೂಟರ್ ಆ ವೈರನ್ನು ಮುಚ್ಚಿಬಿಟ್ಟಿದೆ ಎಂದ. ಬೇರೆ ಲೈನ್ ಎಳೆಯಲು ಸಂಜೆಯಾಗುತ್ತದಂತೆ. ಯಂತ್ರ ನಡೆಯುತ್ತಿರುವಾಗ ಬ್ಯಾಟರಿ ತುಂಬುವುದೂ ನಿಧಾನ; ಉಳಿದ ದಾರಿಗೆ ಬೇಕಾದಷ್ಟು ಎರಡರೊಳಗೆ ತುಂಬುವಂತಿರಲಿಲ್ಲ.

ಆಂಟಿ ಗೋಡೆಗೆ ಒರಗಿ ಕೂತಿದ್ದರು. ಅಂಕಲ್ ತಂದಿಟ್ಟ ಬನ್ನು ಹಾಗೇ ಇತ್ತು. ಎರಡಕ್ಕೆ ಐದು ನಿಮಿಷವಿರುವಾಗ ತಂಗಿಯ ಮಗ ಅಂತ್ಯಕ್ರಿಯೆ ತೋರಿಸಲು ನನ್ನ ಫೋನಿಗೆ ವಿಡಿಯೋ ಕಾಲ್ ಮಾಡಿದ.

"ಬ್ಯಾಡ, ಇಡು," ಎಂದರು ಆಂಟಿ. ಆಮೇಲೆ ಗಂಡನ ಕಡೆ ತಿರುಗಿದರು. "ಊರಿಗೆಲ್ಲಾ ಕರೆಂಟ್ ಕೊಟ್ರಿ ನೀವು."

ಅಂಕಲ್ ಬನ್ನನ್ನು ಕಾಗದದಲ್ಲಿ ಸುತ್ತಿಟ್ಟರು. ನಾಲ್ಕಕ್ಕೆ, ಮನೆವರೆಗೆ ಸಾಕಾಗುವಷ್ಟು ಬ್ಯಾಟರಿ ತುಂಬಿದ ಮೇಲೆ, ವಾಪಸು ಹೊರಟೆವು. ದಾರಿಯಲ್ಲಿ ಅಂಕಲ್ ಮೆಲ್ಲಗೆ ಕೇಳಿದರು: "ನಿನ್ ಮ್ಯಾನ್ಯುಯಲ್‌ನಲ್ಲಿ ಇದೇನೂ ಇರ್ಲಿಲ್ವೇನಮ್ಮಾ?"

"ನೋಡಿರ್ಲಿಲ್ಲ ಅಂಕಲ್," ಎಂದೆ.

ಭಾನುವಾರ ಒಬ್ಬಳೇ ಹೊರಟೆ. ರಾತ್ರಿಯೆಲ್ಲ ನಿಂತಿದ್ದ ಕಾರು ಸ್ಟಾರ್ಟ್ ಮಾಡಿದ್ದೇ, ಕಂಪ್ಯೂಟರ್ ಆ ವೈರನ್ನು ತೆರೆದಿತ್ತೇನೋ, ಹಿಂದಿನ ಸೀಟಿನ ಹಸಿರು ದೀಪ ಮತ್ತೆ ಹೊತ್ತಿಕೊಂಡಿತು. ಅದಕ್ಕೆ ಏನನ್ನೂ ಸಿಕ್ಕಿಸಿರಲಿಲ್ಲ. ಡಲ್ಲಾಸ್‌ವರೆಗೂ, ಕನ್ನಡಿಯಲ್ಲಿ ನೋಡಿದಾಗಲೆಲ್ಲ, ಉರಿಯುತ್ತಲೇ ಇತ್ತು.