ಒಗ್ಗರಣೆ ಹಾಕದ ದಿನಗಳು

ಮಗಳಿಗೆ ಜ್ವರ, ಕೆಮ್ಮು, ಮೈತುಂಬ ಕೆಂಪು ದದ್ದು. "ವೈರಲ್ ಜ್ವರದ್ದು, ಹೆದರಬೇಡಿ" ಎಂದರು ಮೂಡುಬಿದಿರೆಯ ಡಾಕ್ಟರು. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಲು ಹೋದೆ, ಕೈ ತಡೆಯಿತು.

ನನ್ನ ಚಿಕ್ಕಂದಿನಲ್ಲಿ, ಸಿದ್ಧಕಟ್ಟೆಯ ಮನೆಯಲ್ಲಿ ತಂಗಿಗೆ ದಡಾರ ಬಂದಾಗ ಅಜ್ಜಿ ಒಗ್ಗರಣೆಯನ್ನೇ ನಿಲ್ಲಿಸಿದ್ದರು. ದಡಾರವೆಂದರೆ ದೇವಿ ಬಂದ ಹಾಗೆ, ಆ ಘಾಟು ಅವಳಿಗೆ ಆಗದು. ತಂಗಿಯನ್ನು ಕಹಿಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು. ದದ್ದು ಇಳಿಯಿತು, ಎದೆಯ ಗೊರಗೊರ ನಿಲ್ಲಲಿಲ್ಲ. "ಆಸ್ಪತ್ರೆಗೆ ಹೋಗುವ" ಎಂದು ಅಪ್ಪ ಚಪ್ಪಲಿ ಮೆಟ್ಟಿದರು.

"ದೇವಿ ಹೋಗುವಾಗ ಸೂಜಿ ಚುಚ್ಚಿಸ್ತೀಯಾ?" ಎಂದರು ಅಜ್ಜಿ.

ಅಪ್ಪ ಚಪ್ಪಲಿ ಕಳಚಿದರು.

ತಂಗಿ ತೀರಿಹೋದಳು. ಸೂತಕ ಕಳೆದ ದಿನ ಅಜ್ಜಿ ಸಾಸಿವೆ ಸಿಡಿಸಿದರು. ನನಗೆ ಅಳು ಬರಲಿಲ್ಲ, ಹಸಿವಾಯಿತು.

ಇವತ್ತು ಎಣ್ಣೆಗೆ ಸಾಸಿವೆ ಹಾಕಿದೆ. ಸಿಡಿಯುವ ಸದ್ದು ನಿಂತ ಮೇಲೆ, ಒಳಗೆ ಮಗಳು ಕೆಮ್ಮಿದ್ದು ಕೇಳಿಸಿತು.