ಪೆಟ್ರೋಲ್ ಹಾಕುತ್ತಲೇ ಬ್ಯಾಟರಿ ಗಾಡಿಯ ಲೆಕ್ಕ ಹೇಳುವ ಭಾಗ್ಯಲಕ್ಷ್ಮಿ

ಬೆಳಗಿನ ಐದೂಮುಕ್ಕಾಲು. ಹಲಸೂರಿನ ಪೆಟ್ರೋಲ್ ಬಂಕೊಂದರಲ್ಲಿ ಭಾಗ್ಯಲಕ್ಷ್ಮಿ ಗಾಜಿನ ಜಾಡಿಗೆ ಪೆಟ್ರೋಲ್ ಹಿಡಿದು, ಸಾಂದ್ರತೆ ನೋಡಿ, ಬೋರ್ಡಿನ ಮೇಲೆ ಬರೆಯುತ್ತಿದ್ದಾರೆ. ಅಷ್ಟರಲ್ಲೇ ಮೂರು ಸ್ಕೂಟರು ಬಂದು ನಿಂತಿವೆ. "ಜೀರೋ ನೋಡ್ಕೊಳಿ ಸಾರ್" ಎಂದು ಪೈಪು ಎತ್ತುತ್ತಾರೆ. ಮುಂದೆ ನಿಂತವರು ಮೀಟರ್ ಬಿಟ್ಟು ಇವರ ಮುಖ ನೋಡುತ್ತಾರೆ. "ಮೇಡಂ, ಎಲೆಕ್ಟ್ರಿಕ್ ತಗೊಂಡ್ರೆ ಎಷ್ಟು ಉಳಿಯುತ್ತೆ?"

ಪೆಟ್ರೋಲ್ ಹಾಕುವವರ ಹತ್ತಿರ ಹೋಗಿ ಕೇಳುವ ಪ್ರಶ್ನೆಯೇ ಇದು? ಎಂದು ನನಗೂ ಅನಿಸಿತ್ತು. ಆದರೆ ಈ ಬಂಕಿಗೆ ಬರುವವರಿಗೆ ಭಾಗ್ಯಲಕ್ಷ್ಮಿಯವರ ಬಾಯಿಲೆಕ್ಕದ ಮೇಲೆ ಭಾರಿ ನಂಬಿಕೆ. ಪಂಪಿನ ಬಳಿ ಫೋನ್ ತೆಗೆಯುವ ಹಾಗಿಲ್ಲವಾದ್ದರಿಂದ ಟ್ಯಾಂಕ್ ತುಂಬುವಷ್ಟರಲ್ಲಿ ಎಲ್ಲವನ್ನೂ ತಲೆಯಲ್ಲೇ ಕೂಡಿ ಕಳೆದು ಹೇಳಿಬಿಡುತ್ತಾರೆ.

"ನಿಮ್ಮ ಸ್ಕೂಟರ್ ಲೀಟರಿಗೆ ನಲವತ್ತೈದು ಕೊಟ್ರೆ ಕಿಲೋಮೀಟರಿಗೆ ಎರಡೂಕಾಲು ರೂಪಾಯಿ ಮೇಲಾಯ್ತು. ಬ್ಯಾಟರಿ ಸ್ಕೂಟರಿಗೆ ಮನೆ ಕರೆಂಟಲ್ಲಿ ಇಪ್ಪತ್ತೈದು ಪೈಸೆ. ಪೆಡಲ್ ಇರೋ ಬ್ಯಾಟರಿ ಬೈಕಿಗೆ ಹತ್ತೇ ಪೈಸೆ. ಕಾರಾದ್ರೆ ಏಳು ರೂಪಾಯಿ ಹೋಗೋ ಕಡೆ ಒಂದು ರೂಪಾಯಿ ಚಿಲ್ಲರೆ." ನನ್ನ ಹಳೆಯ ಕಾರಿನ ಲೆಕ್ಕವನ್ನೂ ಹೀಗೇ ಹೇಳಿ ನನ್ನ ಮುಖ ಸಣ್ಣದು ಮಾಡಿದ್ದಾರೆ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು ಇವರು. ಗಂಡ ತೀರಿಕೊಂಡ ಮೇಲೆ ಬಂಕಿಗೆ ಸೇರಿ ಹತ್ತೊಂಬತ್ತು ವರ್ಷವಾಯಿತು. ಎಂಟು ಗಂಟೆಯ ಪಾಳಿಯಲ್ಲಿ ಮುನ್ನೂರು ಗಾಡಿ ಮುಟ್ಟುತ್ತಾರೆ. ಸಂಜೆ ಕಾಲು ಊದಿಕೊಳ್ಳುತ್ತದೆ, ಸೀರೆಯಿಂದ ಪೆಟ್ರೋಲ್ ವಾಸನೆ ಹೋಗುವುದಿಲ್ಲ. ಗಿರಾಕಿಗಳನ್ನು ನೀವೇ ಓಡಿಸುತ್ತಿದ್ದೀರಿ ಎಂದು ಮ್ಯಾನೇಜರ್ ರೇಗಿದ್ದೂ ಉಂಟು.

ಈಚೆಗೆ ಮಾತ್ರ ಅವರು ಲೆಕ್ಕ ಹೇಳುವ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: "ಮನೇಲಿ ಪ್ಲಗ್ ಎಲ್ಲಿದೆ?" ಅದರ ಹಿಂದಿನ ಕಥೆ ಜಯಮಾಲಾ ಅವರದು.

ಕಲಬುರಗಿ ಕಡೆಯ ಜಯಮಾಲಾ ಪಾರ್ಸೆಲ್ ಹಂಚುವವರು. ಮಗಳೊಂದಿಗೆ ರಾಮಮೂರ್ತಿ ನಗರದಲ್ಲಿ ಮೂರನೇ ಮಹಡಿಯ ಬಾಡಿಗೆ ಕೋಣೆಯಲ್ಲಿದ್ದರು. ದಿನಕ್ಕೆ ಎಂಬತ್ತು ಕಿಲೋಮೀಟರ್ ಓಡಾಟ. ದಿನಕ್ಕೆ ನೂರೈವತ್ತರ ಮೇಲೆ ಉಳಿಯುತ್ತದೆ ಎಂದು ಭಾಗ್ಯಲಕ್ಷ್ಮಿ ಹೇಳಿದರು. ಜಯಮಾಲಾ ಹಳೆಯ ಸ್ಕೂಟರ್ ಮಾರಿ, ಬ್ಯಾಟರಿಯದನ್ನು ತಂದರು. ಆ ಬ್ಯಾಟರಿಯೋ ಗಾಡಿಯಿಂದ ಬಿಚ್ಚಲು ಬಾರದ್ದು.

ಎರಡು ತಿಂಗಳು ಮನೆ ಮಾಲೀಕರು ಕೆಳಗಿನ ಪ್ಲಗ್ ಕೊಟ್ಟರು. ಆಮೇಲೆ ಬಿಲ್ ಜಾಸ್ತಿ, ಬೆಂಕಿ ಭಯ ಎಂದು ನಿಲ್ಲಿಸಿದರು. ದುಡ್ಡು ಕಟ್ಟುತ್ತೇನೆ ಎಂದರೂ ಕೇಳಲಿಲ್ಲ. ಹೊರಗೆ ಚಾರ್ಜಿಗೆ ಕಾಯುತ್ತಾ ಕೂತರೆ ಬೆಳಗಿನ ಪಾರ್ಸೆಲ್ ಬೇರೆಯವರ ಪಾಲು. ಕೊನೆಗೆ ಪ್ಲಗ್ ಇರುವ ಮನೆ ಹುಡುಕಿ ಕೆ.ಆರ್. ಪುರದಾಚೆ ಹೋದರು. ಬಾಡಿಗೆ ಮೂರು ಸಾವಿರ ಹೆಚ್ಚು. ಹತ್ತನೇ ಕ್ಲಾಸಿನ ಮಗಳು ನಡೆದು ಹೋಗುತ್ತಿದ್ದ ಶಾಲೆಗೆ ಈಗ ಎರಡು ಬಸ್ಸು.

"ಬಂಕಿಗೆ ಗಾಡಿ ಬರುತ್ತೆ, ಹಾಕ್ತೀವಿ, ಹೋಗುತ್ತೆ. ರಾತ್ರಿ ಆ ಗಾಡಿ ಎಲ್ಲಿ ನಿಲ್ಲುತ್ತೆ ಅಂತ ನಾವು ಯಾವತ್ತು ಕೇಳಿದೀವಿ ಸಾರ್? ನಂಗೆ ಹೊಳೀಲೇ ಇಲ್ಲ" ಎನ್ನುವಾಗ ಭಾಗ್ಯಲಕ್ಷ್ಮಿಯವರ ದನಿ ಸಣ್ಣದಾಗುತ್ತದೆ.

ಇದೆಲ್ಲ ಗೊತ್ತಾಗಿದ್ದೂ ಜಯಮಾಲಾ ಒಮ್ಮೆ ಚಕ್ರಕ್ಕೆ ಗಾಳಿ ಹಾಕಿಸಲು ಬಂದಾಗ. ಆಕೆಯೇ ಭಾಗ್ಯಲಕ್ಷ್ಮಿಯವರಿಗೆ ಸಮಾಧಾನ ಹೇಳಿದ್ದು: "ನೀವು ಛಲೋ ಆಗ್ಲಿ ಅಂತೇ ಹೇಳೀರಿ ಅಕ್ಕ, ಇರ್ಲಿ ಬಿಡ್ರಿ." ಆಮೇಲೆ ಈ ಕಡೆ ಬಂದಿಲ್ಲ. ಬ್ಯಾಟರಿ ಗಾಡಿಯವರಿಗೆ ಬಂಕಿನಲ್ಲೇನು ಕೆಲಸ?

ಲೆಕ್ಕ ಹೇಳುವುದನ್ನೇ ಬಿಡಬಹುದಿತ್ತಲ್ಲ ಎಂದೆ. "ಬಿಟ್ರೆ ಪ್ಲಗ್ ವಿಷ್ಯ ಯಾರು ಕೇಳ್ತಾರೆ?" ಎಂದರು. ಹಿಂದಿನ ಸ್ಕೂಟರ್ ಹಾರ್ನ್ ಹೊಡೆಯುತ್ತಿತ್ತು. ಪೈಪು ಕೈಗೆತ್ತಿಕೊಂಡು, ನನ್ನ ಕಡೆ ನೋಡದೆಯೇ ಇನ್ನೊಂದು ಮಾತು ಸೇರಿಸಿದರು.

"ಅವತ್ತು ಅವ್ಳು ಬೈಲಿಲ್ಲ ಸಾರ್. ಒಂದ್ಸಲ ಬಂದು ಬೈದ್ಬಿಟ್ಟು ಹೋಗ್ಲಿ. ನಂಗೆ ಅಷ್ಟು ಸಾಕು."