ಮೇಸ್ತ್ರಿಯಕ್ಕನ ‘ನೋಡಾನ’

ಸರಕ್ಕನೆ ಮೇಲೆ ಹಾರಿ ಮತ್ತೆ ಮೊರಕ್ಕೇ ಬೀಳುವ ಕಾಫಿಬೀಜದ ಸದ್ದು, ಅದರ ಬೆನ್ನಿಗೇ ಹಸಿರು ಗಾಜಿನ ಬಳೆಗಳ ಸದ್ದು. ಗೋಣಿಕೊಪ್ಪಲಿನ ಕಾಫಿ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದಾಗ ಗೋಡೆಯಾಚೆಯ ಶೆಡ್ಡಿನಿಂದ ದಿನವಿಡೀ ಕೇಳುತ್ತಿದ್ದದ್ದು ಇದೇ. ಆ ಬಳೆಗಳವಳು ಬೀಜ ಆರಿಸುವ ಹೆಂಗಸರಿಗೆಲ್ಲ ಮೇಸ್ತ್ರಿಯಕ್ಕ. ಶನಿವಾರಸಂತೆ ಕಡೆಯಿಂದ ಬಿಟ್ಟಂಗಾಲಕ್ಕೆ ಮದುವೆಯಾಗಿ ಬಂದವಳು.

ನಮ್ಮ ಕಾಫಿ ಜಪಾನಿಗೆ ಹೋಗುತ್ತಿತ್ತು. ಒಂದು ಕಪ್ಪು ಬೀಜ ಸಿಕ್ಕರೂ ಅಲ್ಲಿಂದ ಪತ್ರ ಬರುತ್ತಿತ್ತು. ವೆರಿ ಪೊಲೈಟ್, ಆದರೆ ಬೀಜದ ಫೋಟೋ ಸಮೇತ!

“ಹೆಣ್ಣು ನೋಡೋಕೆ ಬಂದೋರೂ ಇಷ್ಟು ಹುಳುಕು ತೆಗಿಯಲ್ಲ,” ಎಂದು ಅವಳು ನಗುತ್ತಿದ್ದಳು.

ಆಮೇಲೆ ಆ ದೇಶದಲ್ಲೇ ಭೂಮಿಯ ಬೆಲೆ ಕುಸಿದು ಬ್ಯಾಂಕುಗಳು ಮುಗ್ಗರಿಸಿದವು. ಆ ವರ್ಷ ಆರ್ಡರ್ ಬರಲಿಲ್ಲ. ನಾವು ಬರೆದು ಕೇಳಿದ್ದಕ್ಕೆ ‘ನಿಮ್ಮ ಕೋರಿಕೆಯನ್ನು ಆಸ್ಥೆಯಿಂದ ಪರಿಶೀಲಿಸುತ್ತೇವೆ’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಕಾಗದ ಹಿಡಿದು ಶೆಡ್ಡಿಗೆ ಓಡಿದೆ. “ಆರ್ಡರ್ ಬರುತ್ತೆ! ಯಾರೂ ಬೇರೆ ಕೆಲಸಕ್ಕೆ ಹೋಗ್ಬೇಡಿ.”

ಅವಳು ಮೊರ ಕೆಳಗಿಟ್ಟಳು. “ಅದು ನಮ್ಮ ‘ನೋಡಾನ’ ಇದ್ದಂಗಲ್ವಾ, ಇಂಗ್ಲಿಷಮ್ಮ? ನೋಡಾನ ಅಂದ್ರೆ ಆಗಕಿಲ್ಲ ಅಂತ.”

“ಜಪಾನಿನವರು ನಮ್ಮ ಥರ ಅಲ್ಲ. ಹೇಳಿದ್ರೆ ಹೇಳಿದ ಹಾಗೆ,” ಎಂದೆ, ಕಾನ್ವೆಂಟಿನ ಜಂಬದಲ್ಲಿ.

“ಓದಿದೋರು ನೀವು,” ಅಂದಳು. ಎಸ್ಟೇಟಿನ ಕಾಫಿಹಣ್ಣಿನ ಪಿಕಿಂಗಿಗೆ ಹೆಂಗಸರನ್ನು ಕರೆಯಲು ಬಂದ ಜೀಪನ್ನು ತಾನೇ ವಾಪಸ್ ಕಳಿಸಿದಳು.

ಆರ್ಡರ್ ಬರಲೇ ಇಲ್ಲ. ಪಿಕಿಂಗೂ ಮುಗಿಯಿತು, ಶೆಡ್ಡೂ ಮುಚ್ಚಿತು. ಹೆಂಗಸರು ಬೈದದ್ದು ಅವಳನ್ನು. ಅವಳು ನನ್ನ ಹೆಸರೆತ್ತಲಿಲ್ಲ. ಜಪಾನಿನವರ ಬಾಯಲ್ಲೂ ಆ ಮಾತು ನಯವಾದ ‘ಇಲ್ಲ’ವೇ ಎಂದು ನನಗೆ ತಿಳಿಯುವ ಹೊತ್ತಿಗೆ ವರ್ಷಗಳೇ ಆಗಿದ್ದವು.

ಹೋದ ವರ್ಷ ಅವಳು ಹಾಸಿಗೆ ಹಿಡಿದಳೆಂದು ಕೇಳಿ ಬಿಟ್ಟಂಗಾಲಕ್ಕೆ ಹೋದೆ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಸಾರಿ ಕೇಳಬೇಕೆಂದು ಹೋದವಳು ಮಳೆಯ ಮಾತು, ಮಂಡಿನೋವಿನ ಮಾತು ಆಡಿದೆ. ಎದ್ದಾಗ ಅವಳು ಕೈ ಹಿಡಿದುಕೊಂಡಳು.

“ಭಾನುವಾರ ಬರ್ತೀರಾ?”

“ನೋಡೋಣ,” ಅಂದುಬಿಟ್ಟೆ.

ಅವಳು ನಕ್ಕಳು. “ಜಪಾನಿನೋರ ನೋಡಾನವಾ, ನಮ್ದಾ?”

ನಾನೂ ನಕ್ಕೆ. ಆ ಭಾನುವಾರ ಹೋಗಲಿಲ್ಲ. ಸೋಮವಾರ ಅವಳ ಮಗಳು ಫೋನ್ ಮಾಡಿದಾಗ ಎಲ್ಲ ಮುಗಿದಿತ್ತು.

‘ನೋಡೋಣ’ ಅಂದು ಹೊರಟ ಅವತ್ತು ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ್ದೆ. ಅವಳ ಕಣ್ಣು ಮುಚ್ಚಿತ್ತು. ಬೆರಳುಗಳು ಮಾತ್ರ ಹೊದಿಕೆಯ ಮೇಲೆ ಆಡುತ್ತಾ, ಕಾಣದ್ದೇನನ್ನೋ ಹೆಕ್ಕಿ ಪಕ್ಕಕ್ಕೆ ಇಡುತ್ತಿದ್ದವು.